ಮೂಗಿನ ಭಾರ

ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು ನಾನು.
ನನಗೆ ಭಾರದ ಪಾಠ ಹೇಳಲು ಬಂದಳು
ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ತೂಕ ಬರೆಯುತ್ತಿದ್ದ ದೇವೀರಿ.

ಫಯಾಜನ ಶೆಡ್ಡಿನ ಮುಂದೆ ನಿಂತಿತ್ತು ನಮ್ಮ ಗಾಲಿಮನೆ:
ಎರಡು ಮಂಚ, ಒಂದು ಒಲೆ, ಮೊಸರಿನ ಬಣ್ಣದ ತಗಡು,
ಕಿಟಕಿಗೆ ಅವಳ ಹಳೇ ಸೀರೆಯ ಪರದೆ.
ಪಿಕಪ್ಪಿನ ಬೆನ್ನಲ್ಲಿ ಗುಂಡು, ಗುಂಡಿನ ಮೇಲೆ ಬಟ್ಟಲು,
ಕೆಳಗೆ ಅಡ್ಡಡ್ಡ ಹಾಯ್ದ ಎರಡು ಸರಪಣಿ.
"ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬಡೀಬಾರದು ಅಣ್ಣ,
ತೊಟ್ಟಿಲಿಗೆ ಬಿದ್ದಂಗೆ ಬೀಳಬೇಕು" ಅಂದ ಫಯಾಜ್.
ಕ್ಯಾಬಿನ್ನಿನಲ್ಲಿ ಒಂದು ಪುಟ್ಟ ಹಿಡಿ ಕೂರಿಸಿದ,
ಹಿಂದಿನ ಗಾಲಿಗಷ್ಟೇ ಬ್ರೇಕು.
"ಇದು ಬೇಡವೇ ಬೇಡ" ಅಂದೆ. ಕೂರಿಸಿಬಿಟ್ಟಿದ್ದ.

ಅವಳು ಮಂಡಿಯ ಕಾಟಾ ತರಿಸಿದಳು.
ಕೊಂಡಿಯ ಕೆಳಗಿಟ್ಟು ಬಗ್ಗಿ ನೋಡಿದಳು.
"ಒಟ್ಟು ಒಂಬತ್ತು ಕ್ವಿಂಟಲ್. ಮೂಗಿನ ಮೇಲೆ ನೂರು ಕೆ.ಜಿ. ಕೂರಬೇಕು.
ಇಲ್ಲಿ ನಲವತ್ತೂ ಇಲ್ಲ.
ನೀರಿನ ಡ್ರಮ್ಮು ಹಿಂಬದಿಗೆ ಯಾಕಿಟ್ರಿ?"
"ಹಿಂಬಾಗಿಲು ತೆಗೆದರೆ ಕೈಗೆ ಸಿಗಲಿ ಅಂತ."
ಅವಳು ಚೀಟಿಯಲ್ಲಿ ಏನೋ ಬರೆದು
ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೇಲೂರಿನವರೆಗೆ ಎಲ್ಲ ಸರಿಯಿತ್ತು.
ತಿರುವಿನಲ್ಲಿ ಒಂದು ಗಾಡಿಯಷ್ಟು ಮುಂದೆ ಹೋಗಿ ಹೊರಳಿಸಿದೆ,
ಇಲ್ಲದಿದ್ದರೆ ಹಿಂದಿನದು ಒಳಗಿಂದ ಕೊಯ್ದುಕೊಂಡು
ಹಣ್ಣಿನಂಗಡಿಯ ಮೇಲೆ ಹತ್ತುತ್ತದೆ.
ಹಂಪು ಬಂದಾಗ ಎರಡು ಸಲ ಉಸಿರು ಹಿಡಿದೆ,
ಮೊದಲು ನಮ್ಮದು, ಆಮೇಲೆ ಅದರದು.

ಯಗಚಿ ದಾಟಿ ಇಳಿಜಾರು. ಕೆಂಪು ಬಸ್ಸೊಂದು
ಬಲದಿಂದ ರೊಯ್ಯನೆ ಹಾಯ್ದುಹೋಯಿತು.
ಅದರ ಗಾಳಿ ಮೊದಲು ನಮ್ಮನ್ನು ನೂಕಿತು, ಆಮೇಲೆ ಸೆಳೆಯಿತು,
ಗಾಲಿಮನೆ ಬಾಲ ಆಡಿಸತೊಡಗಿತು.
ಎಡಕ್ಕೆ. ಬಲಕ್ಕೆ. ಇನ್ನೂ ಬಲಕ್ಕೆ.
ಕನ್ನಡಿಯಲ್ಲಿ ಮೊಸರಿನ ಬಣ್ಣ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ.
ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು,
ಇಪ್ಪತ್ತೆರಡು ವರ್ಷದ ಕಾಲು.

ಆಗ ನೆನಪಾದವನು ಚೌಡಣ್ಣ ಮಾವ,
ಗಾಡಿ ಹೇರುವಾಗ ಬೈಯುತ್ತಿದ್ದ ಮಾತು:
"ಹಿಂಭಾರ ಮಾಡಬ್ಯಾಡಲೇ,
ಮೂಕಿ ಮೇಲೇಳ್ತದೆ, ಎತ್ತಿನ ಕೊರಳು ಬಿಗೀತದೆ."
ನನ್ನ ಕೊರಳೇ ಬಿಗಿದಿತ್ತು.

ಬ್ರೇಕು ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದೆ.
ಸ್ಟೇರಿಂಗನ್ನು ತುಂಬಿದ ಕೊಡದ ಹಾಗೆ ನೇರ ಹಿಡಿದು,
ಬೇಡವೆಂದಿದ್ದ ಆ ಹಿಡಿಯನ್ನು ಮೆಲ್ಲಗೆ ಎಳೆದೆ.
ಹಿಂದಿನದು ಹಿಂದಕ್ಕೆ ಜಗ್ಗಿತು,
ಕೊಂಡಿ ಬಿಗಿಯಾಯಿತು, ಬಾಲ ನಿಂತಿತು.
ದೇವೀರಿ ಡ್ಯಾಶ್‌ಬೋರ್ಡು ಹಿಡಿದಿದ್ದಳು. ಒಂದು ಮಾತಿಲ್ಲ.
ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಹುಣಸೆಮರದ ಕೆಳಗೆ ನಿಲ್ಲಿಸಿದೆ.
ಗಾಲಿಯ ನಡುವಿಗೆ ಅಂಗೈ ಇಟ್ಟು ನೋಡಿದೆ,
ಮಗುವಿನ ಜ್ವರ ನೋಡುವಂತೆ: ಬೆಚ್ಚಗಿತ್ತು, ಸುಡುತ್ತಿರಲಿಲ್ಲ.
ನಂತರ ಡ್ರಮ್ಮು ಒಂದು ಕಡೆ ನಾನು, ಒಂದು ಕಡೆ ಅವಳು,
ಅಚ್ಚಿನ ಮುಂದಕ್ಕೆ ಸರಿಸಿದೆವು.
ಸೊಂಟದ ಚೀಟಿ ತೆಗೆದು ತೋರಿಸಿದಳು.
"ಬೇಲೂರು ದಾಟಿದ ಮೇಲೆ" ಎಂದಷ್ಟೇ ಇತ್ತು.

ಅಯ್ಯನಕೆರೆಗೆ ಮುಟ್ಟುವಾಗ ಹೊತ್ತು ಬಾಗಿತ್ತು.
ಹಿಮ್ಮುಖ ಹೋಗುವುದು ಬಾಕಿ, ಅದೇ ಎಲ್ಲಕ್ಕಿಂತ ಕಷ್ಟ:
ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ಹಟಮಾರಿ.
ಕೈಯನ್ನು ಚಕ್ರದ ಕೆಳತುದಿಗೆ ಇಳಿಸಿಕೊಂಡರೆ
ಕೈ ಹೋದ ಕಡೆಗೇ ಅದೂ ಹೋಗುತ್ತದೆ, ಇಷ್ಟೇ ಗುಟ್ಟು.
ಅವಳು ಹಿಂದೆ ನಿಂತು ಟಾರ್ಚು ಆಡಿಸುತ್ತಿದ್ದಳು.
"ಕನ್ನಡೀಲಿ ಕಾಣದಿದ್ದರೆ ನಿಲ್ಲಿಸಿಬಿಡಿ,
ನಾನು ಎಲ್ಲೋ ಇರ್ತೀನಿ ಅಂತ ಅಂದಾಜು ಮಾಡಬ್ಯಾಡಿ."

ಮೂರು ಸಲ ತಪ್ಪಿದೆ. ಮೂರು ಸಲವೂ ಮುಂದಕ್ಕೆ ಹೋಗಿ ನೇರ ಮಾಡಿದೆ.
ನಾಲ್ಕನೆಯದಕ್ಕೆ ಕೂತಿತು, ಸ್ವಲ್ಪ ಓರೆ.
"ಸಾಕು ಬಿಡಿ, ಒಲೆ ಹಚ್ಚೋಣ" ಅಂದಳು.
ಗಾಲಿಗೆ ಕಲ್ಲು ಕೊಟ್ಟು ಬಂದೆ.
ನೀರು ಬೇಕೆಂದಾಗ
ಹಿಂಬಾಗಿಲಿಂದ ಸುತ್ತಿ ಮುಂದಕ್ಕೆ ಹೋಗಿ ತಂದೆ.